ಹಳೆಯ ಎಂಜಿನ್, ಹೊಸ ಮಾಪಕ: ವೈಡ್‌ಬ್ಯಾಂಡ್ ಮೀಟರ್ ಬಳಸಿ ನೋಡಿದಾಗ

1920ರ ದಶಕದ ಕಾರಿನ ಸೈಡ್ ವಾಲ್ವ್ (ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುವ) ಎಂಜಿನ್ನಿಗೆ ಹೆಚ್ಚು ಕಂಪ್ರೆಷನ್ ಕೊಡುವ ಹೊಸ ಸಿಲಿಂಡರ್ ಹೆಡ್ಡನ್ನೂ, ಮೂಲದಲ್ಲಿ ಇಲ್ಲದಿದ್ದ, ಗಾಳಿಗೆ ಪೆಟ್ರೋಲ್ ಬೆರೆಸುವ ಎಸ್‌ಯು ಕಂಪನಿಯ ಕಾರ್ಬುರೇಟರನ್ನೂ ಕೂರಿಸಿದ ಮೇಲೆ ಯಾವ ಕೈಪಿಡಿಯೂ ನೆರವಿಗೆ ಬರುವುದಿಲ್ಲ. ಗಾಳಿ-ಪೆಟ್ರೋಲ್ ಮಿಶ್ರಣವನ್ನು ರಸ್ತೆಯ ಮೇಲೆಯೇ ಹದಗೊಳಿಸಬೇಕು. ಈ ಕೆಲಸಕ್ಕಾಗಿ ನಾನು ಎಕ್ಸಾಸ್ಟ್ ಕೊಳವೆಗೆ ಸೆನ್ಸರ್ ಅಳವಡಿಸಿ ಗಾಳಿ-ಪೆಟ್ರೋಲ್ ಅನುಪಾತವನ್ನು ಅಂಕಿಯಲ್ಲಿ ತೋರಿಸುವ ವೈಡ್‌ಬ್ಯಾಂಡ್ ಮೀಟರನ್ನು ಬಳಸಿದೆ.

ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು; ಪೂರ್ಣ ಥ್ರಾಟಲ್‌ನಲ್ಲಿ ಹೆಚ್ಚು ಶಕ್ತಿ ಸಿಗುವುದು 12.5ರಿಂದ 13ರ ಆಸುಪಾಸಿನಲ್ಲಿ. ಏರುದಾರಿಯಲ್ಲಿ ಅಂಕಿ ಅಲ್ಲಿಯೇ ನಿಂತಿತ್ತು. ಆದರೆ ಸಮತಟ್ಟಾದ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಅದು 17ರತ್ತ ಜಿಗಿಯುತ್ತಿತ್ತು, ಅಂದರೆ ಪೆಟ್ರೋಲ್ ಸಾಲದಾಗಿ ಎಂಜಿನ್ ಮುಗ್ಗರಿಸುತ್ತಿತ್ತು. ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣವನ್ನು ಹೊಂದಿಸುವ ಜೆಟ್ ನಟ್ ತಿರುಗಿಸಿದರೆ ಎಲ್ಲ ವೇಗಗಳಲ್ಲೂ ಮಿಶ್ರಣ ಬದಲಾಗುವುದರಿಂದ ಅದನ್ನು ಮುಟ್ಟಲಿಲ್ಲ. ಕಾರ್ಬುರೇಟರಿನ ಪಿಸ್ಟನ್ ಸರಕ್ಕನೆ ಮೇಲೇಳದಂತೆ ತಡೆಯುವ ಡ್ಯಾಂಪರಿಗೆ ತುಸು ದಪ್ಪನೆಯ ಎಣ್ಣೆ ಹಾಕಿದ ಮೇಲೆ ಆ ಜಿಗಿತ ಬಹುಪಾಲು ಅಡಗಿತು. ಇಂಥ ಕ್ಷಣಿಕ ದೋಷವನ್ನು ಪ್ಲಗ್ಗಿನ ಬಣ್ಣ ನೋಡಿ ಹಿಡಿಯಲಾಗುವುದಿಲ್ಲ. ಮೀಟರಿನ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಆದರೆ ಮೀಟರನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಸೆನ್ಸರ್ ಅಳೆಯುವುದು ಪೆಟ್ರೋಲನ್ನಲ್ಲ, ಉಳಿದ ಆಮ್ಲಜನಕವನ್ನು. ಮಸಿ ಹಿಡಿದ ಪ್ಲಗ್ಗಿನಿಂದ ಎಂಜಿನ್ ಮಿಸ್ ಹೊಡೆದರೆ, ಉರಿಯದೆ ಹೊರಬಿದ್ದ ಗಾಳಿಯನ್ನು ಕಂಡು ಮೀಟರ್ ಮಿಶ್ರಣ ಲೀನ್ ಆಗಿದೆ, ಅಂದರೆ ಪೆಟ್ರೋಲ್ ಕಡಿಮೆಯಿದೆ ಎಂದೇ ತೋರಿಸುತ್ತದೆ. ಅದನ್ನು ನಂಬಿ ಪೆಟ್ರೋಲ್ ಹೆಚ್ಚಿಸಿದವರು ಪ್ಲಗ್ಗಿಗೆ ಇನ್ನಷ್ಟು ಮಸಿ ಬಳಿದಂತಾಗುತ್ತದೆ. ಸೆನ್ಸರಿಗೆ ಮುಂಚಿನ ಸೋರುವ ಗ್ಯಾಸ್ಕೆಟ್ಟೂ ಇದೇ ಸುಳ್ಳನ್ನು ಹೇಳಿಸುತ್ತದೆ. ಹಳೆಯ ಎಂಜಿನ್ನುಗಳಲ್ಲಿ ಇವೆರಡೂ ದಿನನಿತ್ಯದ ಸಂಗತಿಗಳಾಗಿದ್ದರೂ ಮೀಟರಿನ ಜೊತೆ ಬಂದ ಪುಸ್ತಿಕೆಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲದಿರುವುದು ದೊಡ್ಡ ಕೊರತೆ. ಎಥೆನಾಲ್ ಬೆರೆತ ಪೆಟ್ರೋಲ್ ಬಳಸುವವರು ಅನುಪಾತದ ಬದಲು ಲ್ಯಾಂಬ್ಡಾ ಅಂಕಿಯನ್ನು, ಅಂದರೆ ಪೂರ್ಣವಾಗಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಇದೆ ಎಂಬುದನ್ನು, ನೋಡುವುದು ಒಳಿತು. ಇಂಧನ ಯಾವುದಾದರೂ ಅಲ್ಲಿ 1 ಎಂದರೆ ಸರಿಸಮ.

ಸೆನ್ಸರಿನ ಹೀಟರಿಗೆ 12 ವೋಲ್ಟ್ ಬೇಕು. ಆ ಕಾಲದ ಅನೇಕ ಕಾರುಗಳಲ್ಲಿ ಇರುವುದು 6 ವೋಲ್ಟ್ ಮಾತ್ರ, ಆದ್ದರಿಂದ ಪ್ರತ್ಯೇಕ ಬ್ಯಾಟರಿ ಒಯ್ಯುವುದು ಸುಲಭದ ದಾರಿ. ಇಗ್ನಿಷನ್ ಟೈಮಿಂಗ್ (ಪ್ಲಗ್ಗಿನ ಕಿಡಿ ಹಾರುವ ಗಳಿಗೆ) ವಿಷಯದಲ್ಲಂತೂ ಮೀಟರ್ ಮೂಕ. ಹೊಸ ಹೆಡ್ಡಿನಿಂದ ಹೆಚ್ಚಿದ ನಾಕಿಂಗನ್ನು (ಮಿಶ್ರಣ ಹದತಪ್ಪಿ ಸಿಡಿಯುವ ಬಡಿತದ ಸದ್ದನ್ನು) ಕಿವಿಯಿಂದಲೇ ಗುರುತಿಸಿ, ಸ್ಟೀರಿಂಗ್ ಚಕ್ರದ ಬಳಿಯ ಟೈಮಿಂಗ್ ಸನ್ನೆಕೋಲನ್ನು ಅದೇ ಏರಿನಲ್ಲಿ ಸ್ವಲ್ಪಸ್ವಲ್ಪವೇ ಹಿಂದೆ ಸರಿಸಬೇಕಾಯಿತು.

ಎಂಜಿನ್ ಮೂಲರೂಪದಲ್ಲಿಯೇ ಇದ್ದರೆ ಈ ಮೀಟರನ್ನು ಕೊಳ್ಳುವ ಅಗತ್ಯವಿಲ್ಲ. ಹೆಡ್ಡನ್ನೋ ಕಾರ್ಬುರೇಟರನ್ನೋ ಬದಲಿಸಿ ಪ್ರಯೋಗ ಮಾಡುವವರು ಧಾರಾಳವಾಗಿ ಕೊಳ್ಳಬಹುದು. ಪರೀಕ್ಷೆ ಮುಗಿದ ಮೇಲೆ ಸೆನ್ಸರನ್ನು ಬಿಚ್ಚಿ ಆ ರಂಧ್ರಕ್ಕೆ ಬಿರಡೆ ಹಾಕಬೇಕು. ಹೀಟರಿಗೆ ವಿದ್ಯುತ್ ಕೊಡದೆ ಹಾಗೆಯೇ ಓಡಿಸಿದರೆ ಅದು ಮಸಿ ಹಿಡಿದು ಬೇಗ ಕೆಡುತ್ತದೆ.