30 ಪಟ್ಟು ಅಂತ ಬರೆದಿರೋ ಲೆನ್ಸು, ಆದ್ರೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ

ಮಗಳು ಈ ವರ್ಷ ಬಿಎಸ್ಸಿಗೆ ಬಾಟನಿ ತಗೊಂಡ್ಲು, ಪ್ರಾಕ್ಟಿಕಲ್‌ಗೆ ಹ್ಯಾಂಡ್ ಲೆನ್ಸ್ ಬೇಕು ಅಂದ್ಲು ಅಂತ ಆನ್‌ಲೈನಲ್ಲಿ 260 ರೂಪಾಯಿಗೆ ಒಂದು ತರಿಸಿದೆ. ಒಡವೆ ಅಂಗಡಿಯವರು ಕಣ್ಣಿಗೆ ಹಿಡ್ಕೊಂಡು ಹರಳು ನೋಡ್ತಾರಲ್ಲ, ಅದೇ ಥರದ್ದು, ಸ್ಟೀಲ್ ಬಾಡಿ, ಮಡಚಿದ್ರೆ ಹೆಬ್ಬೆರಳಷ್ಟೇ ಆಗುತ್ತೆ. ಎರಡು ತಿಂಗಳಾಯ್ತು, ಅವಳಿಗಿಂತ ನಾನೇ ಜಾಸ್ತಿ ಬಳಸಿದೀನಿ, ಅದಕ್ಕೇ ರಿವ್ಯೂನೂ ನಾನೇ ಬರೀತಿರೋದು.

ಮೊದಲು ಸುಳ್ಳಿನ ವಿಷ್ಯ ಹೇಳ್ಬಿಡ್ತೀನಿ. ಮೇಲೆ 30ಎಕ್ಸ್ ಅಂತ ಕೆತ್ತಿದಾರೆ, ಅಂದ್ರೆ 30 ಪಟ್ಟು ದೊಡ್ಡದಾಗಿ ತೋರ್ಸುತ್ತೆ ಅಂತ. ಅಲ್ಲ ಅದು. ನೀವೇ ನೋಡ್ಕೋಬಹುದು: ಟ್ಯೂಬ್‌ಲೈಟ್ ಕೆಳಗೆ ಬಿಳಿ ಹಾಳೆ ಇಟ್ಟು ಲೆನ್ಸನ್ನ ಮೇಲೆ ಕೆಳಗೆ ಆಡಿಸಿದ್ರೆ ಒಂದು ಎತ್ತರದಲ್ಲಿ ಟ್ಯೂಬಿನ ಪುಟಾಣಿ ಗೆರೆ ಹಾಳೆ ಮೇಲೆ ಚೊಕ್ಕವಾಗಿ ಬೀಳುತ್ತೆ, ಆ ಎತ್ತರನ ಸ್ಕೇಲಲ್ಲಿ ಮಿಲಿಮೀಟರಲ್ಲಿ ಅಳೆದು 250ನ್ನ (ಬರಿಗಣ್ಣಿಗೆ ಆರಾಮಾಗಿ ಕಾಣೋ ದೂರ ಅಂತ ಲೆಕ್ಕಕ್ಕೆ ಹಿಡಿಯೋ ಮಿಲಿಮೀಟರ್) ಅದರಿಂದ ಭಾಗಿಸಿ. ನಂಗೆ ಬಂದಿದ್ದು ಹತ್ತತ್ರ 25 ಮಿಲಿಮೀಟರ್, ಅಂದ್ರೆ 10 ಪಟ್ಟು. ನಿಜವಾಗ್ಲೂ 30 ಆಗಿದ್ರೆ 8 ಮಿಲಿಮೀಟರ್ ಬರ್ಬೇಕಿತ್ತು. ಆದ್ರೆ ರಿಟರ್ನ್ ಮಾಡ್ಲಿಲ್ಲ ನಾನು, ಯಾಕಂದ್ರೆ ಹೂವು ನೋಡೋಕೆ 10ಏ ಸರಿ, 30 ಆದ್ರೆ ಹೂವು ಲೆನ್ಸಿಗೆ ತಾಗೋಷ್ಟು ಹತ್ರ ಬರ್ಬೇಕು, ಕೈ ಚೂರು ನಡುಗಿದ್ರೂ ಎಲ್ಲಾ ಮಸುಕು.

ಇನ್ನೊಂದು, ಇದನ್ನ ಪೇಪರ್ ಓದೋ ಭೂತಗನ್ನಡಿ ಥರ ದೂರ ಹಿಡಿದು "ಏನೂ ಕಾಣಲ್ಲ" ಅಂತ ಒಂದು ಸ್ಟಾರ್ ಕೊಟ್ಟಿರೋರು ಸುಮಾರು ಜನ ಇದಾರೆ. ಲೆನ್ಸು ಕಣ್ಣಿಗೆ ಅಂಟ್ಕೊಂಡಿರ್ಬೇಕು ಸ್ವಾಮಿ, ಹೂವನ್ನ ಹತ್ರ ತರ್ಬೇಕು!

ನಾನು ಮೊದಲು ನೋಡಿದ್ದು ನಮ್ಮ ಬೀದಿ ಖಾಲಿ ಸೈಟಲ್ಲಿರೋ ಕಾಂಗ್ರೆಸ್ ಗಿಡ. ಅಲರ್ಜಿ ಇರೋರು ಮುಟ್ಬೇಡಿ. ಬರಿಗಣ್ಣಿಗೆ ಬಿಳಿ ಸಾಬಕ್ಕಿ ಕಾಳಷ್ಟಿರುತ್ತಲ್ಲ, ಅದು ಒಂದು ಹೂವಲ್ಲ, ಹೂವಿನ ಗುಂಪು. ಮಧ್ಯದಲ್ಲಿ ಒತ್ತೊತ್ತಾಗಿ ಹತ್ತಾರು ಪುಟಾಣಿ ಹೂಗಳು, ಸುತ್ತ ಐದು ಮೂಲೇಲಿ ಐದು ಬೇರೆ ಥರದ್ದು, ಬೀಜ ಕಟ್ಟೋದು ಆ ಐದೇ. ಇದನ್ನ ಒಂದ್ಸಲ ನೋಡಿದ್ರೆ ಸೇವಂತಿಗೆ, ಚೆಂಡುಹೂವು, ಸೂರ್ಯಕಾಂತಿ ಎಲ್ಲಾ ಒಂದೇ ಮನೆತನ ಅಂತ ಯಾರೂ ಹೇಳ್ಕೊಡೋದೇ ಬೇಡ. ಆ ಮನೆತನದ ಹೆಸರು ಆಸ್ಟರೇಸಿ, ಅಂಟಾರ್ಕ್ಟಿಕಾ ಬಿಟ್ಟು ಎಲ್ಲಾ ಖಂಡದಲ್ಲೂ ಇರೋ ಕುಟುಂಬ. ನಮ್ಮ ಕಾಂಗ್ರೆಸ್ ಗಿಡನೂ ಚೆಂಡುಹೂವೂ ಅಮೆರಿಕ ಕಡೆಯವು, ಒಂದು ದೇವರ ತಲೆ ಮೇಲೆ, ಇನ್ನೊಂದು ಕಿತ್ತಷ್ಟೂ ಬರುತ್ತೆ.

ಆಮೇಲೆ ಎಕ್ಕದ ಹೂವು. ಮಧ್ಯದಲ್ಲಿ ಐದು ಮೂಲೆ ಕಿರೀಟ ಇರುತ್ತಲ್ಲ, ಅದರ ಮೂಲೇಲಿ ಒಂದು ಕಪ್ಪು ಚುಕ್ಕಿ ಕಾಣುತ್ತೆ, ಗುಂಡುಸೂಜಿಯಿಂದ ಮೆಲ್ಲಗೆ ಎಳೆದ್ರೆ ಆ ಚುಕ್ಕಿಗೆ ಜೋತುಬಿದ್ದು ಎರಡು ಹಳದಿ ಚೀಲ ಆಚೆ ಬರ್ತವೆ, ಪರಾಗ ಎಲ್ಲಾ ಅದರೊಳಗೆ. ಹಾಲು ಕಣ್ಣಿಗೆ ಬೀಳದ ಹಾಗೆ ಹುಷಾರು. ಇಲ್ಲೇ ಮಗಳಿಗೂ ನಂಗೂ ಜಗಳ ಶುರುವಾಗಿದ್ದು. ನಾನು 1994ರಲ್ಲಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝುವಾಲಜಿ) ಮುಗಿಸಿದೋಳು, ಎಕ್ಕದ ಕುಟುಂಬ "ಆಸ್ಕ್ಲೆಪಿಯಡೇಸಿ" ಅಂದೆ. "ಅಮ್ಮಾ, ಆ ಫ್ಯಾಮಿಲಿನೇ ಈಗ ಇಲ್ಲ, ಕಣಗಿಲೆ ಜೊತೆ ಅಪೋಸೈನೇಸಿಗೆ ಸೇರ್ಸಿದಾರೆ" ಅಂದ್ಲು. ನಾವು ಉರು ಹೊಡೆದಿದ್ದು ಗಿಡಗಳನ್ನ ಕುಟುಂಬಗಳಾಗಿ ವಿಂಗಡಿಸೋ ಬೆಂಥಮ್-ಹೂಕರ್ ಪದ್ಧತಿ, 1862ರಿಂದ 1883ರವರೆಗೆ ಬಂದಿದ್ದು, 202 ಕುಟುಂಬ. ಈಗಿನೋರದು ಡಿಎನ್ಎ ನೋಡಿ ಮಾಡಿದ ಎಪಿಜಿ ಅನ್ನೋ ವಿಂಗಡಣೆ, 1998ರಲ್ಲಿ ಶುರುವಾಗಿ 2016ರ ನಾಲ್ಕನೇ ಆವೃತ್ತೀಲಿ 416 ಕುಟುಂಬ. ತೇಗ ಹೋಗಿ ತುಳಸಿ ಕುಟುಂಬಕ್ಕೆ ಸೇರಿದೆ. ತೇಗ ತುಳಸಿ ನೆಂಟ್ರು ಅಂದ್ರೆ ನಂಗಿನ್ನೂ ಗಂಟಲಲ್ಲಿ ಇಳಿದಿಲ್ಲ. ಎಕ್ಕದ ಹಳದಿ ಚೀಲಗಳು ಮಾತ್ರ ನಾನು ಓದಿದಾಗ ಹೇಗಿದ್ವೋ ಹಾಗೇ ಇವೆ.

ಈ ಲೆನ್ಸಿಂದ ನಂಗೆ ಆದ ದೊಡ್ಡ ಉಪಕಾರ ಅಂದ್ರೆ ಕಳ್ಳಿ ವಿಷ್ಯ. ಪಾಪಾಸುಕಳ್ಳಿನೂ ಕಳ್ಳಿನೇ, ಹೊಲದ ಬೇಲಿಗೆ ಹಾಕೋ ಹಾಲಿನ ಕಳ್ಳಿನೂ ಕಳ್ಳಿನೇ ಅಂತ ನಾವು ಅಂತೀವಿ, ಆದ್ರೆ ನೆಂಟಸ್ತನ ಏನೂ ಇಲ್ಲ. ಪಾಪಾಸುಕಳ್ಳಿ ಮುಳ್ಳಿನ ಬುಡ ನೋಡಿ, ಮೆತ್ತೆ ಥರ ಒಂದು ಪುಟ್ಟ ದಿಂಬು, ಅದರಲ್ಲಿ ಕೂದಲಿಗಿಂತ ಸಣ್ಣ ಮುಳ್ಳಿನ ಕಂತೆ. ಆ ದಿಂಬು ಕ್ಯಾಕ್ಟಸ್ ಕುಟುಂಬಕ್ಕೆ ಮಾತ್ರ ಇರೋದು. ಆ ಕುಟುಂಬ ಪೂರಾ ಅಮೆರಿಕದ್ದು, ಮರದ ಮೇಲೆ ಜೋತಾಡೋ ರಿಪ್ಸಾಲಿಸ್ ಅನ್ನೋ ಒಂದು ಜಾತಿ ಮಾತ್ರ ಆಫ್ರಿಕಾ, ಶ್ರೀಲಂಕಾದಲ್ಲೂ ತಾನಾಗೇ ಬೆಳೆಯುತ್ತೆ. ಹಾಲು ಬರೋ ಕಳ್ಳಿ ಯೂಫೋರ್ಬಿಯಾ, ಹರಳೆಣ್ಣೆ ಗಿಡ, ಮರಗೆಣಸಿನ ಕಡೆಯದು, ಅದರಲ್ಲಿ ಆ ದಿಂಬು ಇಲ್ಲ. ನರ್ಸರೀಲಿ ಎರಡಕ್ಕೂ ಕ್ಯಾಕ್ಟಸ್ ಅಂತ ಚೀಟಿ ಅಂಟಿಸಿ ಮಾರ್ತಾರೆ, ಹೋದವಾರ ಅಲ್ಲೇ ಲೆನ್ಸ್ ತೆಗೆದು ನೋಡ್ತಿದ್ರೆ ಅಂಗಡಿಯವ "ಏನಕ್ಕಾ, ಚಿನ್ನ ಪರೀಕ್ಷೆನಾ" ಅಂದ.

ಕೊರತೆಗಳು: ಅಂಚಿನಲ್ಲಿ ಬಣ್ಣದ ಗೆರೆ ಕಾಣುತ್ತೆ, ಮಧ್ಯ ಮಾತ್ರ ಚೆನ್ನಾಗಿದೆ. ಮಡಚೋ ಜಾಗದ ಸ್ಕ್ರೂ ಮೂರನೇ ವಾರಕ್ಕೇ ಸಡಿಲ ಆಯ್ತು, ಕನ್ನಡಕದ ಅಂಗಡೀಲಿ ಬಿಗಿ ಮಾಡಿಸ್ಕೊಂಡೆ, ದುಡ್ಡು ತಗೊಳ್ಲಿಲ್ಲ ಪಾಪ. ಜೊತೆಗೆ ಬರೋ ಚೀಲ ದಂಡ, ಮೊಬೈಲ್ ಪೌಚಿನ ದಾರ ಕಟ್ಟಿ ಕುತ್ತಿಗೆಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಹುಲ್ಲಲ್ಲಿ ಬಿದ್ರೆ ಸಿಗಲ್ಲ.

ನಾಲ್ಕು ಸ್ಟಾರ್, ಒಂದು ಆ 30ಎಕ್ಸ್ ಸುಳ್ಳಿಗೆ ಕಟ್. ಮಗಳು ಸೋಮವಾರದಿಂದ ಇದನ್ನ ಕಾಲೇಜಿಗೆ ಒಯ್ತಿದಾಳೆ, ನಂಗೆ ಇನ್ನೊಂದು ಆರ್ಡರ್ ಹಾಕಿದೀನಿ, ಈ ಸಲ 10 ಅಂತಲೇ ಬರೆದಿರೋದು, ನೂರು ರೂಪಾಯಿ ಜಾಸ್ತಿ.