ಕಡ್ಡಿ ಮಶೀನ್ ಹಿಡ್ಕೊಂಡು ನೀರು ಟೆಸ್ಟ್ ಮಾಡ್ತೀವಿ ಅಂತ ಬರೋರನ್ನ ನಂಬಬೇಡಿ

ಫಿಲ್ಟರ್ ಮಾರೋರು ತರ್ತಾರಲ್ಲ, ಎರಡು ಲೋಟಕ್ಕೆ ಲೋಹದ ಕಡ್ಡಿ ಇಳಿಬಿಟ್ಟು ಪ್ಲಗ್ಗಿಗೆ ಸಿಕ್ಕಿಸೋ ಮಶೀನ್, ಅದರ ಕಥೆ ಇದು. ಒಂದು ಲೋಟದಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಆರ್‌ಓ ನೀರು. ಸ್ವಲ್ಪ ಹೊತ್ತಿಗೇ ನಮ್ಮದು ಹಸಿರಾಗಿ, ಆಮೇಲೆ ಕಂದಾಗಿ, ಮೇಲೆಲ್ಲ ಕೊಳಕು ನೊರೆ. ಅವರದ್ದು ಫಳಫಳ. ನಮ್ಮನೆಗೆ ಬಂದ ಮಾರೋನು "ಇದನ್ನೇನಾ ಮೇಡಂ ಮಕ್ಕಳಿಗೆ ಕುಡಿಸ್ತಿರೋದು?" ಅಂದ. ಅತ್ತೆ ಗಾಬರಿಯಾಗಿ "ಕೊಟ್ಬಿಡಮ್ಮ ದುಡ್ಡು" ಅಂದ್ರು. ಅಡ್ವಾನ್ಸ್ ಹೋಯ್ತು.

ಮೋಸ. ಶುದ್ಧ ಮೋಸ. ಆ ಕಂದು ನೀರಿನದಲ್ಲ, ಕಡ್ಡಿಯದು!

ಫಿಟ್ಟಿಂಗ್‌ಗೆ ಅಂತ ಅವನು ಮತ್ತೆ ಬಂದಾಗ ಸೆಕೆಂಡ್ ಪಿಯು ಓದೋ ಮಗಳು ಮನೇಲಿದ್ದಳು. "ಅಂಕಲ್, ಒಂದ್ನಿಮಿಷ" ಅಂತ ಅವರದೇ ಆರ್‌ಓ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿ ಮಶೀನ್ ಇಟ್ಟಳು. ಅಯ್ಯೋ, ಕಾಫಿ ಡಿಕಾಕ್ಷನ್ ಥರ ಆಯ್ತು! ನಮ್ಮ ನಲ್ಲಿ ನೀರಿಗಿಂತ ಕಪ್ಪು. ನಾನು ಅಲ್ಲೇ ನಿಂತಿದ್ದೆ, ಮುಖ ಎಲ್ಲಿಟ್ಕೊಳ್ಳೋದು ಗೊತ್ತಾಗಲಿಲ್ಲ. ಅವನು ತಣ್ಣಗೆ ಹೇಳ್ತಾನೆ: "ಅದು ಉಪ್ಪಿನಲ್ಲಿರೋ ಕೊಳೆ ಮೇಡಂ." ಉಪ್ಪಿನ ಕೊಳೆಯಂತೆ! ಕಡ್ಡಿ ಎತ್ತಿ ನೋಡಿದ್ರೆ ಒಂದರ ತುದಿ ಇಲಿ ಕಡಿದ ಹಾಗೆ ಸವೆದಿತ್ತು. ಅದು ಎಲ್ಲಿ ಹೋಯ್ತಪ್ಪ ಅಂದೆ. "ಹಳೇ ಮಶೀನು."

ಮಗಳು ಹೇಳಿದ್ದು ಇಷ್ಟೇ. ಕರೆಂಟ್ ಹರಿದಾಗ ಕಡ್ಡಿಯ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟು ನೀರಿಗಿಳಿಯುತ್ತೆ, ಅದು ಉತ್ಕರ್ಷಣ. ಆ ಕಡೆ ಕಡ್ಡಿಯಲ್ಲಿ ನೀರು ಎಲೆಕ್ಟ್ರಾನ್ ತಗೊಳ್ಳುತ್ತೆ, ಅದು ಅಪಕರ್ಷಣ, ಹೈಡ್ರೋಜನ್ ಗುಳ್ಳೆ ಬರುತ್ತೆ. ಕಬ್ಬಿಣದ ಹೈಡ್ರಾಕ್ಸೈಡ್ ಮೊದಲು ಹಸಿರು, ಗಾಳಿ ತಾಗಿದ್ರೆ ಕಂದು, ಅಂದ್ರೆ ತುಕ್ಕು. ನಲ್ಲಿ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್ ಅಯಾನು (ವಿದ್ಯುದಂಶ ಇರೋ ಕಣ) ಇರೋದ್ರಿಂದ ಕರೆಂಟ್ ಹರಿಯುತ್ತೆ. ಆರ್‌ಓ ನೀರಲ್ಲಿ ಅಯಾನು ತೀರಾ ಕಮ್ಮಿ, ಹರಿಯೋದೇ ಕಷ್ಟ. ಅಷ್ಟೇ ಮ್ಯಾಜಿಕ್ಕು!

ನಂಬಿಕೆ ಬರದೆ ಕಾಲೇಜ್ ಲ್ಯಾಬ್‌ಗೆ ಬರೀ ನಲ್ಲಿ ನೀರು, ಮಶೀನ್ ಇಟ್ಟ ನಲ್ಲಿ ನೀರು ಎರಡೂ ಕಳಿಸಿದೆ. ಎರಡಕ್ಕೂ ಸ್ವಲ್ಪ ಆಮ್ಲ ಹಾಕಿ ಕಬ್ಬಿಣ ಇದ್ರೆ ಕೆಂಪಾಗೋ ಥಯೋಸಯನೇಟ್ ಹನಿ ಬಿಟ್ರಂತೆ. ನಲ್ಲಿ ನೀರಿಗೆ ಬಣ್ಣವೇ ಇಲ್ಲ. ಮಶೀನ್ ಇಟ್ಟ ನೀರು ರಕ್ತಗೆಂಪು, ಅಂದ್ರೆ ಕಬ್ಬಿಣ. ನಮ್ಮನೆ ನೀರಿಗೆ ಕಬ್ಬಿಣ ಬೆರೆಸಿದವನೇ ಅವನು!

ಅಡ್ವಾನ್ಸ್ ವಾಪಸ್ ಕೇಳಿದ್ರೆ "ರಿಫಂಡ್ ಪಾಲಿಸಿ ಇಲ್ಲ, ದೊಡ್ಡ ಮಾಡೆಲ್‌ಗೆ ಅಡ್ಜಸ್ಟ್ ಮಾಡ್ತೀವಿ." ಮತ್ತೆ ಕೇಳಿದ್ರೆ "ನಿಮ್ಮ ಮಗಳೇನು ಸೈಂಟಿಸ್ಟಾ ಮೇಡಂ?" ಆಮೇಲೆ ಫೋನೇ ಎತ್ತಲ್ಲ.

ಟಿಡಿಎಸ್ (ನೀರಲ್ಲಿ ಕರಗಿರೋ ಲವಣ ಮುಂತಾದ್ದರ ಒಟ್ಟು ಪ್ರಮಾಣ) ಮೀಟರ್ ತೋರಿಸಿ ಹೆದರಿಸಿದ್ರೂ ಬಗ್ಗಬೇಡಿ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ತನಕ ಸರಿಯೇ. ಕೋಲಾರ, ಪಾವಗಡ ಕಡೆ ಬೋರ್‌ವೆಲ್ ನೀರಾದ್ರೆ ಭಯ ಫ್ಲೋರೈಡಿಂದು, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದನ್ನ ಈ ಕಡ್ಡಿನೂ ತೋರ್ಸಲ್ಲ, ಮೀಟರೂ ತೋರ್ಸಲ್ಲ, ಲ್ಯಾಬಿಗೇ ಕೊಡಿ. ಕಡ್ಡಿ ಹಿಡ್ಕೊಂಡು ಬಂದವನ ಲೋಟಕ್ಕೆ ಮೊದಲು ಉಪ್ಪು ಹಾಕಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ, ದುಡ್ಡು ಇನ್ನೂ ಬಂದಿಲ್ಲ.