ಹಳೆಯ ಪೋರ್ಷೆ 914ಕ್ಕೆ ಯಾವ ಮೋಟಾರ್: ಡಿಸಿಯೋ, ಲೀಫ್‌ನದೋ?

1969ರಿಂದ 1976ರವರೆಗೆ ತಯಾರಾದ ಪೋರ್ಷೆ 914, ಮನೆಯಲ್ಲೇ ವಿದ್ಯುತ್ ಕಾರು ಮಾಡಿಕೊಳ್ಳುವವರಿಗೆ ಹೇಳಿ ಮಾಡಿಸಿದ ಗಾಡಿ. ಎಂಜಿನ್ ಸೀಟಿನ ಬೆನ್ನಿಗೇ ಇದೆ, ಮುಂದೊಂದು ಹಿಂದೊಂದು ಡಿಕ್ಕಿ ಇದೆ, ತೂಕ ಒಂದು ಟನ್ನಿನೊಳಗೆ. ಬ್ರೇಕಿಗೆ ಸರ್ವೋ, ಅಂದರೆ ಎಂಜಿನ್ನಿನ ಹೀರುಬಲದಿಂದ ಕಾಲಿನ ಒತ್ತನ್ನು ಹೆಚ್ಚಿಸುವ ಸಾಧನ ಇಲ್ಲ. ಹಾಗಾಗಿ ಎಂಜಿನ್ ಇಳಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಹುಡುಕುವ ತಾಪತ್ರಯವೂ ಇಲ್ಲ. ಕ್ಯಾಲಿಫೋರ್ನಿಯಾದ ನನ್ನ ಗ್ಯಾರೇಜಿನಲ್ಲಿ ಇದಕ್ಕೆ ಮೊದಲು ಬ್ರಷ್ ಇರುವ ಡಿಸಿ (ಏಕಮುಖ ವಿದ್ಯುತ್ತಿನ) ಸೀರೀಸ್ ಮೋಟಾರ್ ಕೂರಿಸಿದ್ದೆ. ಆಮೇಲೆ ಅದನ್ನು ತೆಗೆದು, ಗುಜರಿಗೆ ಬಂದ ನಿಸಾನ್ ಲೀಫ್ ಎಂಬ ವಿದ್ಯುತ್ ಕಾರಿನ 80 ಕಿಲೋವ್ಯಾಟ್ ಮೋಟಾರ್ ಹಾಕಿದೆ. ಗೇರ್‌ಬಾಕ್ಸ್ ಮಾತ್ರ ಎರಡಕ್ಕೂ ಹಳೆಯದೇ.

ಜೋಡಿಸುವ ಕೆಲಸದಲ್ಲಿ ಡಿಸಿಗೆ ಸಾಟಿಯಿಲ್ಲ. ಬ್ಯಾಟರಿ, ಫ್ಯೂಸ್, ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚು, ಕಂಟ್ರೋಲರ್, ಮೋಟಾರ್ ಎಂದು ಕರೆಂಟಿನ ದಾರಿಯನ್ನು ಬೆರಳಿಟ್ಟು ತೋರಿಸಬಹುದು. ಬ್ಯಾಟರಿಯ ಡಿಸಿಯನ್ನು ಮೋಟಾರಿಗೆ ಬೇಕಾದ ಎಸಿಯಾಗಿಸುವ ಲೀಫ್‌ನ ಇನ್ವರ್ಟರ್‌ಗೆ, ಕಾರಿನ ಭಾಗಗಳು ಮಾತಾಡಿಕೊಳ್ಳುವ ತಂತಿಜಾಲವಾದ ಕ್ಯಾನ್ ಬಸ್ಸಿನಲ್ಲಿ ತಕ್ಕ ಸಂದೇಶಗಳು ಸತತವಾಗಿ ಹೋಗುತ್ತಿರಬೇಕು. ಇಲ್ಲದಿದ್ದರೆ ಚಕ್ರ ಅಲುಗದು. ಗಾಳಿಯಿಂದ ತಣಿಯುತ್ತಿದ್ದ ಕಾರಿಗೆ ನೀರಿನ ಪಂಪು, ರೇಡಿಯೇಟರ್ ಬೇರೆ ಸೇರಿಸಬೇಕು.

ರಸ್ತೆಗಿಳಿದರೆ ಲೆಕ್ಕ ತಿರುಗುತ್ತದೆ. 144 ವೋಲ್ಟಿನ ಡಿಸಿ ನಿಂತಲ್ಲಿಂದ ಚೆನ್ನಾಗಿಯೇ ಎಳೆಯುತ್ತದೆ, ಆದರೆ ತಿರುಗುವ ವೇಗ ಏರಿದಂತೆ ಸೊರಗುತ್ತದೆ. ಹೆದ್ದಾರಿಗೆ ಸೇರುವ ಏರಿನಲ್ಲಿ ಗೇರು ಬದಲಿಸುತ್ತಲೇ ಇರಬೇಕು. ಆಕ್ಸಿಲರೇಟರ್ ಒತ್ತಿರುವಾಗಲೇ ಕ್ಲಚ್ ತುಳಿದರೆ ಸೀರೀಸ್ ಮೋಟಾರ್ ಭಾರವಿಲ್ಲದೆ ಮಿತಿಮೀರಿ ತಿರುಗಿ ಹಾಳಾಗಬಹುದು. ಬ್ರಷ್ ಸವೆದ ಕಪ್ಪು ಇಂಗಾಲದ ಪುಡಿಯನ್ನು ಆಗಾಗ ಗಾಳಿ ಊದಿ ತೆಗೆಯಬೇಕು, ಮೂತಿಗೆ ಮುಖವಾಡ ಕಟ್ಟಿಕೊಂಡೇ. ಸುಮಾರು 360 ವೋಲ್ಟಿನ ಲೀಫ್ ಮೋಟಾರ್‌ಗೆ ಇಂಥ ಕಾಟವಿಲ್ಲ. ಒಂದೇ ಗೇರಿನಲ್ಲಿ ಊರೆಲ್ಲ ಸುತ್ತಬಹುದು.

ಲೀಫ್ ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಬಲ, 280 ನ್ಯೂಟನ್ ಮೀಟರ್. ಮೂಲದ 1.7 ಲೀಟರ್ ಎಂಜಿನ್ ಕೊಡುತ್ತಿದ್ದುದರ ಸುಮಾರು ಎರಡರಷ್ಟು! ಹಳೆಯ ಹಲ್ಲುಚಕ್ರಗಳ ಮೇಲೆ ನನಗೆ ಪ್ರೀತಿ ಇರುವುದರಿಂದ ಕೆಳಗಿನ ಗೇರುಗಳಲ್ಲಿ ಅದಕ್ಕೆ ಮಿತಿ ಹಾಕಿದ್ದೇನೆ.

ನನ್ನ ಮನಸ್ಸು ಲೀಫ್ ಕಡೆ ವಾಲಲು ಮುಖ್ಯ ಕಾರಣ ರೀಜನ್, ಅಂದರೆ ವೇಗ ತಗ್ಗುವಾಗ ಬ್ಯಾಟರಿಗೆ ಮರಳುವ ಶಕ್ತಿ. ನನ್ನ ಡಿಸಿ ವ್ಯವಸ್ಥೆಯಲ್ಲಿ ಅದು ಇರಲೇ ಇಲ್ಲ. ಇಳಿಜಾರಿನಲ್ಲಿ ಎಲ್ಲ ಭಾರವೂ ಬ್ರೇಕಿನ ಮೇಲೆಯೇ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಈ ರೀಜನ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಒದ್ದೆ ರಸ್ತೆಯ ತಿರುವಿನ ನಡುವೆ ಪೆಡಲಿನಿಂದ ಕಾಲೆತ್ತಿದರೆ ಹಿಂಭಾಗ ಹೊರಕ್ಕೆ ಜಾರುತ್ತದೆ. ಅದಕ್ಕೇ ಕಾಲೆತ್ತಿದಾಗ ಬರುವ ರೀಜನ್ ತೀರಾ ಕಡಿಮೆ ಇಟ್ಟು, ಉಳಿದದ್ದನ್ನು ಬ್ರೇಕ್ ಪೆಡಲಿನ ಮೊದಲ ಒತ್ತಿಗೆ ಹೊಂದಿಸಿದ್ದೇನೆ.

ಬ್ಯಾಟರಿಯಲ್ಲಿ ಡಿಸಿಗೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ 45 ಇದ್ದವು, 14.4 ಕಿಲೋವ್ಯಾಟ್ ಅವರ್. ಲೀಫ್‌ನ 48 ಮಾಡ್ಯೂಲುಗಳು ಹೊಸದರಲ್ಲಿ 24 ಕೊಡುವಂಥವು, ತೂಕ ಸುಮಾರು 180 ಕಿಲೋ. ಪೆಟ್ರೋಲ್ ಟ್ಯಾಂಕಿನ ಜಾಗಕ್ಕೂ ಎಂಜಿನ್ ಕೋಣೆಗೂ ಹಂಚಿದರೆ ಕಾರಿನ ಸಮತೋಲ ಕೆಡುವುದಿಲ್ಲ. ಹಳೆಯ ಮಾಡ್ಯೂಲ್ ಕೊಳ್ಳುವಾಗ ಒಂದೊಂದನ್ನೂ ಅಳೆದೇ ಕೊಳ್ಳಿ.

ಇದೇ ಕೆಲಸವನ್ನು ಬೆಂಗಳೂರಿನಲ್ಲಿ ಮಾಡುವುದಾದರೆ ಅನುಮೋದಿತ ಕಿಟ್ ಬೇಕು, ಆರ್‌ಸಿಯಲ್ಲಿ ಇಂಧನ ಬದಲಾವಣೆ ದಾಖಲಾಗಬೇಕು. ಅಲ್ಲಿ ನನ್ನಂತೆ ಬಿಡಿಭಾಗ ಕೂಡಿಸುವ ಹಾದಿ ನಡೆಯದು.

ಮೋಟಾರಿಗೆ ದುಡ್ಡು ಹಾಕುವ ಮುನ್ನ ಎಂಜಿನ್ ಕೋಣೆಯ ಬಲಮೂಲೆಯನ್ನು ನೋಡಿ. ಮೂಲ ಬ್ಯಾಟರಿಯ ಆಮ್ಲ ತೊಟ್ಟಿಕ್ಕಿ ಕೆಳಗಿನ ಚಾಸಿ ಕಬ್ಬಿಣ ತುಕ್ಕು ತಿನ್ನುವುದು ಈ ಕಾರಿನ ಹುಟ್ಟುರೋಗ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಒಳಗೆ ಇಳಿದರೆ ಮೊದಲು ವೆಲ್ಡಿಂಗ್, ಮೋಟಾರ್ ಆಮೇಲೆ.